ಜಗಲಿಯ ಸಭೆಯಲ್ಲಿ ವಾಲಿಯ ಪ್ರಶ್ನೆ

ಮಳೆಗಾಲವು ಕಾಲಿಡುವ ಹೊತ್ತಿಗೆ ಮಲೆನಾಡಿನ ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚುವುವು. ಅಷ್ಟಕ್ಕೇ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ರಸಿಕರು ಕಲೆಯನ್ನು ಅಟ್ಟಕ್ಕೇರಿಸಿ ಸುಮ್ಮನಿರುವುದಿಲ್ಲ. ಗೃಹಸ್ಥರ ಮನೆಯ ಜಗಲಿಯಲ್ಲಿಯೋ ದೇವಸ್ಥಾನದ ಪೌಳಿಯಲ್ಲಿಯೋ ಚಾಪೆ ಹಾಸಿ ತಾಳಮದ್ದಳೆಯನ್ನು ಕೂಡಿಸುವರು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಪದ್ಯವನ್ನು ಹಾಡುವನು. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದ್ಯವನ್ನು ಹಿಡಿದು ಮಾತು ಬೆಳೆಸುವರು. ನೋಡುವವರಿಗೆ ಇದು ಕೇವಲ ಪುರಾಣಶ್ರವಣವೆಂದು ತೋರಬಹುದು. ಆದರೆ ಆಳುವವರನ್ನು ಪ್ರಶ್ನಿಸುವ ಕಲೆಗೂ ಕಲೆಯನ್ನು ಅಂಕೆಯಲ್ಲಿಡಬಯಸುವ ಸರ್ಕಾರಕ್ಕೂ ನಡೆದುಬಂದ ಜಗ್ಗಾಟವನ್ನು ತಿಳಿಯಬೇಕೆಂಬವರಿಗೆ ಈ ಜಗಲಿಯೂ ಒಂದು ಪಾಠಶಾಲೆಯೆಂದು ನಮ್ಮ ಅಭಿಪ್ರಾಯ.

ಹಿಂದೂದೇಶದಲ್ಲಿ ನಾಟಕಕ್ಕೆ ಮೂಗುದಾರ ಹಾಕಿದ ಕಾಯಿದೆಯು ಹುಟ್ಟಿದ್ದು 1876ರಲ್ಲಿ. ವೇಲ್ಸ್ ರಾಜಕುಮಾರನು ಕಲ್ಕತ್ತೆಗೆ ಬಂದಿದ್ದಾಗ ಅವನನ್ನು ಮನೆಗೆ ಕರೆದು ಉಪಚರಿಸಿದ ಗಣ್ಯರೊಬ್ಬರನ್ನು ಅಲ್ಲಿಯ ನಾಟಕದವರು ಗೇಲಿ ಮಾಡಿದರು. ದೊರೆಗಳಿಗೆ ಅದು ಸಹನೆಯಾಗಲಿಲ್ಲ. ಮಾನಹಾನಿ ಮಾಡುವ, ಸರ್ಕಾರದ ಮೇಲೆ ಅಸಮಾಧಾನವನ್ನು ಹುಟ್ಟಿಸುವ, ನೀತಿಯನ್ನು ಕೆಡಿಸುವ ಆಟಗಳನ್ನು ನಿಲ್ಲಿಸುವ ಅಧಿಕಾರವನ್ನು ಕಾಯಿದೆಯು ಸರ್ಕಾರದ ಕೈಗೆ ಕೊಟ್ಟಿತು. ಮೀರಿದವರಿಗೆ ಸೆರೆಮನೆ ಅಥವಾ ದಂಡ. ಆಡುವ ಮೊದಲು ನಾಟಕದ ಪ್ರತಿಯನ್ನು ತರಿಸಿ ನೋಡುವುದಕ್ಕೂ ಅದರಲ್ಲಿ ದಾರಿಯಿತ್ತು. ಆದರೆ ಅದರ ಕೊನೆಯಲ್ಲಿ ಸಣ್ಣದೊಂದು ಕಿಂಡಿಯೂ ಉಂಟು. ಧಾರ್ಮಿಕ ಉತ್ಸವಗಳಲ್ಲಿ ನಡೆಯುವ ‘ಜಾತ್ರಾ’ ಎಂಬ ಬಂಗಾಳದ ಬಯಲುನಾಟಕಕ್ಕೂ ಅದರಂಥ ಆಟಗಳಿಗೂ ಈ ಕಾಯಿದೆಯು ಅನ್ವಯಿಸುವುದಿಲ್ಲವೆಂದು ಬರೆದಿದ್ದರು. ದೇವರ ಹೆಸರಿನ ಆಟದಲ್ಲಿ ರಾಜಕೀಯವೇನಿದ್ದೀತೆಂದು ದೊರೆಗಳು ಎಣಿಸಿದ್ದಿರಬೇಕು.

ಆ ಎಣಿಕೆಯು ತಪ್ಪೆಂಬುದು ಬೇಗನೆ ಬಯಲಾಯಿತು. ಕೃಷ್ಣಾಜಿ ಪ್ರಭಾಕರ ಖಾಡಿಲಕರರು 1907ರಲ್ಲಿ ಮರಾಠಿಯಲ್ಲಿ ‘ಕೀಚಕವಧ’ವನ್ನು ರಂಗಕ್ಕೆ ತಂದರು. ಕಥೆ ಮಹಾಭಾರತದ್ದೇ. ಆದರೆ ಸಭಿಕರು ಕೀಚಕನಲ್ಲಿ ಕರ್ಜನ್ ಸಾಹೇಬನನ್ನೂ ಸೈರಂಧ್ರಿಯಲ್ಲಿ ಭಾರತಮಾತೆಯನ್ನೂ ಕಂಡರು. 1910ರಲ್ಲಿ ಮುಂಬಯಿ ಸರ್ಕಾರದವರು ಆ ನಾಟಕವನ್ನು ನಿಷೇಧಿಸಿದರು. ನಮ್ಮ ಸಾಗರವು ಆಗ ಮೈಸೂರು ಸಂಸ್ಥಾನದಲ್ಲಿದ್ದಿತು. ಅದರ ಗಡಿಗೆ ಹೊಂದಿದ ಸಿದ್ದಾಪುರವಾದರೋ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದಿತು. ಕೀಚಕವಧೆಯು ಈ ಎರಡು ಸೀಮೆಗಳ ಯಕ್ಷಗಾನಕ್ಕೂ ಚಿರಪರಿಚಿತವಾದ ಪ್ರಸಂಗವೆಂಬುದನ್ನು ವಾಚಕರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ.

ಅಚ್ಚಾದ ನಾಟಕವನ್ನು ತಡೆಯಬಹುದು; ತಾಳಮದ್ದಳೆಯಲ್ಲಿ ತಡೆಯುವುದೇನನ್ನು? ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯಗಳು ಮಾತ್ರ. ಅರ್ಥವು ಆ ರಾತ್ರಿ, ಆ ಸಭೆಯಲ್ಲಿ, ಎದುರಾಳಿಯ ಮಾತಿಗೆ ತಕ್ಕಂತೆ ಹುಟ್ಟುವುದು. ಅಧಿಕಾರಿಯು ಪುಸ್ತಕವನ್ನು ತರಿಸಿ ಸಾಲುಸಾಲಾಗಿ ಓದಿದರೂ ನಾಳೆ ಅರ್ಥಧಾರಿಯು ಏನನ್ನಾಡುವನೆಂಬುದು ಅವನಿಗೆ ತಿಳಿಯದು.

ವಾಲಿವಧೆಯ ಪ್ರಸಂಗವನ್ನೇ ನೋಡಿರಿ. ಬಾಣ ತಗಲಿ ಬಿದ್ದ ವಾಲಿಯು ರಾಮನನ್ನು ವಿಚಾರಣೆಗೆ ನಿಲ್ಲಿಸುವನು. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಕ್ಷಾತ್ರ? ನಿನಗೆ ನಾನು ಮಾಡಿದ ಅಪರಾಧವೇನು? ನನ್ನ ಕಾಡಿನಲ್ಲಿ ನ್ಯಾಯ ಹೇಳಲು ನಿನಗೆ ಅಧಿಕಾರವನ್ನು ಕೊಟ್ಟವರಾರು? ರಾಮನ ಅರ್ಥವನ್ನು ಹೇಳುವವನು ನಾನು ದೇವರೆಂದು ತಪ್ಪಿಸಿಕೊಳ್ಳುವಂತಿಲ್ಲ. ಧರ್ಮದ ಯುಕ್ತಿಗಳಿಂದಲೇ ಉತ್ತರ ಕೊಡಬೇಕು. ಕೈಮುಗಿದು ಬಂದ ಭಕ್ತರೇ ವಾಲಿಯ ಮಾತಿಗೂ ತಲೆದೂಗುವರು. ಅಧಿಕಾರವುಳ್ಳವನು ಉತ್ತರ ಹೇಳಬೇಕಾದವನು ಎಂಬ ತತ್ತ್ವವನ್ನು ಅಕ್ಷರ ಬಾರದವರಿಗೂ ತಿಳಿಸಿಕೊಟ್ಟ ಕಲೆಯಿದು.

ಆದರೂ ಅತಿಯಾಗಿ ಹೊಗಳುವುದು ಸಲ್ಲದು. ಜಗಲಿಯು ಬಹುಮಟ್ಟಿಗೆ ಒಡೆಯರದಾಗಿದ್ದಿತು. ಗೇಣಿಯ ಒಕ್ಕಲುಮಕ್ಕಳು ಅಂಗಳದಲ್ಲಿ ಕುಳಿತು ಕೇಳುವವರಾಗಿದ್ದರು. ವಾಲಿಯ ಪ್ರಶ್ನೆಗೆ ತಲೆದೂಗಿದ ಒಡೆಯನು ಒಕ್ಕಲಿನವನ ಪ್ರಶ್ನೆಗೂ ತಲೆದೂಗುವನೆಂಬ ನಿಯಮವೇನೂ ಇರಲಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಭತ್ತ ಅಳೆಯುವ ಕೊಳಗದ ಅನ್ಯಾಯವನ್ನು ಎತ್ತಿ ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪನವರು ಮುಂದಾಳಾದರು, ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಜೊತೆಗೂಡಿದರು, ರಾಮಮನೋಹರ ಲೋಹಿಯಾ ಅವರೂ ಬಂದು ಸೆರೆಯಾದರು. ನೇಗಿಲು ಹೊತ್ತು ಗದ್ದೆಗಿಳಿದು, ಬಂಧನಕ್ಕೆ ಕೈಯೊಡ್ಡುತ್ತಿದ್ದ ಆ ಜನರದೂ ಊರೆದುರಿಗೆ ನಡೆದ ಒಂದು ಪ್ರದರ್ಶನವೇ ಆಗಿದ್ದಿತು. ಅಂಗಳದಲ್ಲಿ ಕುಳಿತವರು ಅಂದು ತಾವೇ ಅರ್ಥ ಹೇಳಿದರು. ಅದಕ್ಕೆ ಎರಡು ವರ್ಷ ಮೊದಲು, 1949ರಲ್ಲಿ, ಅದೇ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ಹುಟ್ಟಿದ್ದಿತು, ಮುಂದೆ ಕೆ.ವಿ. ಸುಬ್ಬಣ್ಣನವರು ಅದರ ಮೂಲಕ ಲೋಕದ ನಾಟಕಗಳನ್ನು ಹಳ್ಳಿಯವರ ಮುಂದೆ ತಂದರು.

ಮನೆಯೇ ರಂಗವಾಗುವ ಪದ್ಧತಿಯು ನಮ್ಮಲ್ಲಿ ಮಾತ್ರವೆಂದು ತಿಳಿಯಬೇಡಿರಿ. ಚೆಕೊಸ್ಲೊವಾಕಿಯದ ಪ್ರಸಿದ್ಧ ನಟಿ ವ್ಲಾಸ್ತಾ ಖ್ರಾಮೊಸ್ತೋವಾ ಅವರಿಗೆ ಅಲ್ಲಿಯ ಸರ್ಕಾರವು ರಂಗಶಾಲೆಯ ಬಾಗಿಲನ್ನು ಮುಚ್ಚಿದಾಗ, ಆಕೆಯು ಪ್ರಾಗ್ ನಗರದ ತನ್ನ ಮನೆಯ ಕೋಣೆಯಲ್ಲಿಯೇ ಆಟಗಳನ್ನು ನಡೆಸಿದಳು. 1978ರಲ್ಲಿ ಅಲ್ಲಿ ಆಡಿದ್ದು ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’. ದೊರೆತನವನ್ನು ಕೊಲೆಯಿಂದ ಕಸಿದವನ ಕಥೆ. ಪೋಲೀಸಿನವರು ಆ ಮನೆಗೆ ಬರುವವರ ಮೇಲೆ ಕಣ್ಣಿಟ್ಟಿದ್ದರು. ಹಳೆಯ ಕಥೆ, ನಾಲ್ಕು ಗೋಡೆ, ನೆರೆದ ಕೆಲವೇ ಜನ: ಇಷ್ಟಕ್ಕೇ ಒಂದು ಸರ್ಕಾರವು ಬೆದರಿದ್ದಿತು.

ಇಂದಿನ ಸ್ಥಿತಿ ಬೇರೆ. 1876ರ ಕಾಯಿದೆಯು ಸಂವಿಧಾನಕ್ಕೆ ಒಪ್ಪದೆಂದು ಅಲಹಾಬಾದಿನ ಉಚ್ಚ ನ್ಯಾಯಾಲಯವು 1956ರಲ್ಲಿಯೇ ಹೇಳಿತ್ತು. 2018ರಲ್ಲಿ ಅದು ರದ್ದಾಯಿತು. ಆದರೆ ಅಪ್ಪಣೆಚೀಟಿಯ ಕಾಲವು ಮುಗಿಯಲಿಲ್ಲ. ಧ್ವನಿವರ್ಧಕವನ್ನು ಬಳಸಲು ಅಧಿಕಾರಿಗಳ ಅನುಮತಿ ಬೇಕು. 2000ದ ಶಬ್ದನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6 ಗಂಟೆಯವರೆಗೆ ಬಯಲಿನಲ್ಲಿ ಅದನ್ನು ಬಳಸುವುದಕ್ಕೆ ತಡೆಯುಂಟು. ಮಕ್ಕಳ, ರೋಗಿಗಳ ನಿದ್ರೆಗೆ ಇದು ಹಿತವೆಂಬುದನ್ನು ನಾವು ಒಪ್ಪುವೆವು. ಒಪ್ಪಿಯೂ, ಅನುಮತಿಯನ್ನು ಕೊಡುವ ಕೈಯು ಗಡಿಯಾರವನ್ನು ಮಾತ್ರ ನೋಡಬೇಕು, ಅರ್ಥಧಾರಿಯ ಬಾಯನ್ನಲ್ಲ ಎಂದು ಹೇಳುವೆವು.

ಕಾಯಿದೆಗಿಂತ ಬಿಗಿಯಾದ ಕಟ್ಟು ಇನ್ನೊಂದುಂಟು. ಅದು ಸಭಿಕರ ಮುನಿಸು. ಹಾಸ್ಯಗಾರನು ಮಂತ್ರಿಯನ್ನು ಕುಟುಕಿದರೆ ಒಂದು ಪಕ್ಷದವರು ಎದ್ದುಹೋಗುವರು. ಧನ ಕೊಟ್ಟವರು ಮುಂದಿನ ವರ್ಷ ಕರೆಯದಿರುವರು. ಬಡವನನ್ನೂ ಕೀಳೆನಿಸಿಕೊಂಡ ಜಾತಿಯವನನ್ನೂ ಹಾಸ್ಯ ಮಾಡಿದರೆ ಮಾತ್ರ ಯಾರೂ ಏಳರು. ಇದು ಪ್ರತಿಭಟನೆಯಲ್ಲ, ಹೇಡಿತನ. ಮೇಲಿನವರನ್ನು ಕೇಳುವ ಮಾತಿಗೇ ಧೈರ್ಯ ಬೇಕು. ಅಂಥ ಮಾತಿಗೇ ನಮ್ಮ ಆಶ್ರಯವೂ ಸಲ್ಲಬೇಕು.

ಆದುದರಿಂದ ಈ ಮಳೆಗಾಲದಲ್ಲಿ ಮನೆಯಲ್ಲಿ ತಾಳಮದ್ದಳೆಯನ್ನು ಕೂಡಿಸುವ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ಮಕ್ಕಳನ್ನು ಬೇಗ ಮಲಗಿಸದೆ ಮುಂದಿನ ಸಾಲಿನಲ್ಲಿ ಕುಳ್ಳಿರಿಸಿರಿ. ಅಂಗಳವೆಂಬ ಭೇದವಿಲ್ಲದೆ ಕೆಲಸದವರನ್ನೂ ನೆರೆಯವರನ್ನೂ ಜಗಲಿಗೆ ಕರೆಯಿರಿ. ಮಂಗಳ ಹಾಡಿದ ಮೇಲೆ, ವಾಲಿಯ ಪ್ರಶ್ನೆಗೆ ರಾಮನ ಉತ್ತರವು ಸಾಕಾಯಿತೇ ಎಂದು ಮಕ್ಕಳನ್ನೇ ಕೇಳಿರಿ. ಸಾಲದೆಂದು ಅವರು ಹೇಳಿದರೆ ಗದರಿಸದಿರಿ.