ಕಾವಿಗೆ ಕೂತ ಕೋಳಿಯ ಒಳಗೆ

ನಾಟಿ ಕೋಳಿ ಹತ್ತು ಹದಿನೈದು ಮೊಟ್ಟೆಗಳಾದ ಮೇಲೆ ಇಡುವುದನ್ನು ನಿಲ್ಲಿಸಿ, ಮೇವು ನೀರಿನ ಪರಿವೆಯಿಲ್ಲದೆ, ಹತ್ತಿರ ಬಂದ ಕೈಯನ್ನು ಕುಕ್ಕುತ್ತ, ಗರಿ ಕೆದರಿಕೊಂಡು ಗೂಡು ಹಿಡಿಯುವುದನ್ನು ಹಳ್ಳಿಗಳಲ್ಲಿ ಕಾವಿಗೆ ಕೂರುವುದು ಎನ್ನುತ್ತಾರೆ. ಹಟದಂತೆ ಕಾಣುವ ಈ ನಡವಳಿಕೆ ಸಂತಾನೋತ್ಪತ್ತಿ ಚಕ್ರದ ಉತ್ತರಾರ್ಧವಾಗಿದ್ದು, ಅದನ್ನು ನಡೆಸುವುದು ಹಾರ್ಮೋನುಗಳು, ಅಂದರೆ ಒಂದು ಗ್ರಂಥಿಯಲ್ಲಿ ಹುಟ್ಟಿ ರಕ್ತದಲ್ಲಿ ಹರಿದು ದೂರದ ಅಂಗವನ್ನು ಕೆಲಸಕ್ಕೆ ಹಚ್ಚುವ ಇಲ್ಲವೆ ತಡೆಯುವ ರಾಸಾಯನಿಕಗಳು.

ಪೂರ್ವಾರ್ಧವಾದ ಮೊಟ್ಟೆಯಿಡುವಿಕೆಗೆ ಚಾಲನೆ ನೀಡುವುದು ಬೆಳಕು. ಹಗಲು ದೀರ್ಘವಾದಂತೆ, ತಲೆಬುರುಡೆಯನ್ನು ದಾಟಿ ಒಳಸೇರುವ ಬೆಳಕನ್ನು ಮಿದುಳಿನ ಆಳದ ಕೋಶಗಳು ಕಣ್ಣಿನ ನೆರವಿಲ್ಲದೆಯೇ ಗುರುತಿಸುತ್ತವೆ. ಆಗ ಮಿದುಳಿನ ತಳಭಾಗವಾದ ಹೈಪೋಥಲಮಸ್, ತನ್ನ ಕೆಳಗಿರುವ ಪಿಟ್ಯುಟರಿ ಗ್ರಂಥಿಯನ್ನು ಪ್ರಚೋದಿಸಿ ಅಂಡಾಶಯವನ್ನು ಬೆಳೆಸುತ್ತದೆ. ಕೋಳಿಯಲ್ಲಿ ಸಾಮಾನ್ಯವಾಗಿ ಎಡಗಡೆಯ ಅಂಡಾಶಯವೊಂದೇ ಬಲಿಯುತ್ತದೆ. ಅಲ್ಲಿಂದ ಬಿಡುಗಡೆಯಾದ ಹಳದಿಗೆ ಬಿಳಿಲೋಳೆ, ಪೊರೆ, ಚಿಪ್ಪು ಕೂಡಿ ಮೊಟ್ಟೆ ಹೊರಬರಲು ಸುಮಾರು 25 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪಿನ ರಚನೆಗೇ ಸಲ್ಲುತ್ತದೆ.

ಉತ್ತರಾರ್ಧದ ಸೂತ್ರಧಾರಿ ಪ್ರೊಲ್ಯಾಕ್ಟಿನ್. ಸಸ್ತನಿಗಳಲ್ಲಿ ಹಾಲು ತರಿಸುವ ಈ ಹಾರ್ಮೋನಿಗೆ 1930ರ ದಶಕದಲ್ಲಿ ಹೆಸರು ಕೊಟ್ಟವರು ಅಮೆರಿಕದ ಆಸ್ಕರ್ ರಿಡ್ಲ್ ಮತ್ತು ಅವರ ಸಹೋದ್ಯೋಗಿಗಳು. ಅವರು ಅದನ್ನು ಅಳೆದದ್ದು, ಮರಿಗಳಿಗೆ ಗಂಡು ಹೆಣ್ಣುಗಳೆರಡೂ ಉಣಿಸುವ ಹಾಲನ್ನು ಸ್ರವಿಸುವ ಪಾರಿವಾಳದ ಅನ್ನಚೀಲದ ಮೇಲೆ ಎಂಬುದು ಸೋಜಿಗದ ಸಂಗತಿ. ಕೋಳಿಯಲ್ಲಿ ಪ್ರೊಲ್ಯಾಕ್ಟಿನ್ ಏರಿದಾಗ ಅಂಡಾಶಯವನ್ನು ಪೋಷಿಸುವ ಹಾರ್ಮೋನುಗಳು ತಗ್ಗಿ, ಅಂಡಾಶಯ ಕುಗ್ಗಿ, ಮೊಟ್ಟೆ ನಿಲ್ಲುತ್ತದೆ; ಎದೆಯ ಅಡಿಯ ತುಪ್ಪಳ ಉದುರಿ, ರಕ್ತನಾಳಗಳು ತುಂಬಿಕೊಂಡ ಬೆಚ್ಚನೆಯ ಚರ್ಮ ಮೊಟ್ಟೆಗೆ ನೇರವಾಗಿ ತಾಗುತ್ತದೆ. ಆ ಸ್ಪರ್ಶದ ಸುದ್ದಿ ನರಗಳ ಮೂಲಕ ಮಿದುಳನ್ನು ಮುಟ್ಟಿ ಇನ್ನಷ್ಟು ಪ್ರೊಲ್ಯಾಕ್ಟಿನ್ ಸುರಿಸುತ್ತದೆ, ಅದು ಕೋಳಿಯನ್ನು ಗೂಡಿನಲ್ಲಿ ಇನ್ನಷ್ಟು ಬಿಗಿಯಾಗಿ ಕೂರಿಸುತ್ತದೆ. ಮರಿಗಳು ಮೊಟ್ಟೆಯೊಡೆದು ಹೊರಬರುವ 21ನೇ ದಿನದವರೆಗೆ ಕಾವು ಮುರಿಯದಿರಲು ಈ ಮರುಕಳಿಕೆಯೇ ಮುಖ್ಯ ಕಾರಣ.

ಆದ್ದರಿಂದಲೇ ಕಾವು ಬಿಡಿಸಲು ಕೋಳಿಯನ್ನು ತಣ್ಣೀರಿನಲ್ಲಿ ಅದ್ದುವ ರೂಢಿ ಸಮಸ್ಯೆಯ ಬೇರನ್ನು ಮುಟ್ಟುವುದಿಲ್ಲ. ಅದ್ದಿದ ಕೋಳಿ ಮತ್ತೆ ಅದೇ ಗೂಡಿಗೆ ಮರಳಿದರೆ ಸ್ಪರ್ಶವೂ ಮರಳುತ್ತದೆ. ಗೂಡನ್ನೇ ತಪ್ಪಿಸಿದರೆ ಪ್ರೊಲ್ಯಾಕ್ಟಿನ್ ಬೇಗನೆ ಇಳಿಯುತ್ತದೆ, ಅಂಡಾಶಯ ಚೇತರಿಸಿಕೊಳ್ಳಲು ಮಾತ್ರ ವಾರಗಳೇ ಹಿಡಿಯಬಹುದು.

ವರ್ಷಕ್ಕೆ ಸುಮಾರು 300 ಮೊಟ್ಟೆಯಿಡುವ ಬಿಳಿ ಲೆಗ್‌ಹಾರ್ನ್ ತಳಿಗಳ ಸಾಮರ್ಥ್ಯದ ಹಿಂದೆ ಮೇವು, ಬೆಳಕುಗಳ ಜೊತೆಗೆ ಇದೂ ಇದೆ: ತಲೆಮಾರುಗಳ ಆಯ್ಕೆಯಿಂದ ಅವುಗಳ ಬಾಳಿನಿಂದ ಉತ್ತರಾರ್ಧವನ್ನೇ ಕಿತ್ತುಹಾಕಲಾಗಿದೆ. ಅವುಗಳ ದೇಹದಲ್ಲೂ ಪ್ರೊಲ್ಯಾಕ್ಟಿನ್ ಇದೆ, ಕಾವಿನ ಬಯಕೆ ಮಾತ್ರ ಬಹುತೇಕ ಅಳಿದಿದೆ. ಮರಿ ಮಾಡಿಸುವ ಕೆಲಸವನ್ನು ಯಂತ್ರ ವಹಿಸಿಕೊಂಡಿದೆ. ಟರ್ಕಿ ಕೋಳಿಗಳಲ್ಲಿ ಆಯ್ಕೆಯ ಈ ಪ್ರಯತ್ನ ಅಷ್ಟು ಸಫಲವಾಗದೆ, ಕಾವು ಇಂದಿಗೂ ಸಾಕಣೆದಾರರಿಗೆ ನಷ್ಟದ ಬಾಬತ್ತೇ ಆಗಿದೆ.

ಹಿತ್ತಿಲಲ್ಲಿ ನಾಟಿ ಕೋಳಿ ಸಾಕುವವರ ಲೆಕ್ಕ ಬೇರೆ. ಮರಿ ಬೇಕಿದ್ದರೆ ಕಾವಿಗೆ ಕೂತ ಕೋಳಿಯಷ್ಟು ಅಗ್ಗದ, ವಿದ್ಯುತ್ತು ಬೇಡದ ಸಾಧನ ಮತ್ತೊಂದಿಲ್ಲ. ಮೊಟ್ಟೆಯೇ ಬೇಕಿದ್ದರೆ, ಕೋಳಿಯನ್ನು ಮೊದಲ ದಿನವೇ ಗೂಡಿನಿಂದ ಬೇರ್ಪಡಿಸಿ, ಗಾಳಿಯಾಡುವ ಬೆಳಕಿನ ಜಾಗದಲ್ಲಿ ಕೆಲವು ದಿನ ಇರಿಸಿ, ಮೇವು ನೀರು ಕೊಡುವುದು ತಣ್ಣೀರಿನ ಶಿಕ್ಷೆಗಿಂತ ಉತ್ತಮ.