ಶಿಂಷೆಯ ಬೆನ್ನು ಹಿಡಿದು ಒಂದು ದಿನ

ಬೆಳಗಿನ ಜಾವ ಬಸ್ಸು ಹತ್ತಿ, ಹಗಲೆಲ್ಲ ಏಳೆಂಟು ಊರುಗಳನ್ನು ಸುತ್ತಿ, ರಾತ್ರಿ ಮನೆ ಸೇರುವ ಪ್ರವಾಸ ಯಾರಿಗೆ ತಾನೆ ತಿಳಿಯದು? ಪ್ರತಿಯೊಂದು ಸ್ಥಳದಲ್ಲಿಯೂ ಇಪ್ಪತ್ತು ನಿಮಿಷ; ದೇವರ ದರ್ಶನ, ಒಂದು ಭಾವಚಿತ್ರ, ಒಂದು ಲೋಟ ಕಾಫಿ. ಅಷ್ಟರಲ್ಲಿ ಚಾಲಕನು ಹಾರನ್ನು ಬಾರಿಸಿ ಕರೆಯುತ್ತಾನೆ. ಮರುದಿನ ಯಾರಾದರೂ ಕೇಳಿದರೆ ಹೋಗಿಬಂದ ಊರುಗಳ ಹೆಸರನ್ನು ಹೇಳಬಲ್ಲೆವೇ ಹೊರತು, ಅಲ್ಲಿ ಕಂಡುದೇನೆಂಬುದನ್ನು ಹೇಳಲಾರೆವು. ವಿದ್ಯಾರ್ಥಿಗಳನ್ನು ಹಲವು ವರ್ಷಗಳ ಕಾಲ ನಾವೂ ಹೀಗೆಯೇ ಸುತ್ತಿಸಿದವರು. ಈ ಸಲ ಬೇರೊಂದು ಪ್ರಯೋಗ ಮಾಡಿದೆವು. ಸ್ಥಳಗಳ ಪಟ್ಟಿಯನ್ನು ಬದಿಗಿಟ್ಟು, ಒಂದು ಹೊಳೆಯನ್ನು ಅದು ಹುಟ್ಟುವ ಬೆಟ್ಟದಿಂದ ಹಿಡಿದು ಅದಕ್ಕೆ ಕಟ್ಟಿರುವ ಅಣೆಕಟ್ಟಿನವರೆಗೆ ಹಿಂಬಾಲಿಸುವುದೆಂದು ನಿಶ್ಚಯಿಸಿದೆವು. ಆ ಹೊಳೆಯೇ ತುಮಕೂರು ಸೀಮೆಯ ಶಿಂಷೆ.

ವಿದ್ಯಾರ್ಥಿಗಳು, ಅಧ್ಯಾಪಕರು, ಅವರ ಮನೆಯವರು ಸೇರಿ ನಲವತ್ತೆರಡು ಮಂದಿ. ಸಹೋದ್ಯೋಗಿಗಳೊಬ್ಬರ ತಾಯಿಯವರು ಎಪ್ಪತ್ತು ದಾಟಿದವರಾದರೂ ಎಲ್ಲರಿಗಿಂತ ಮೊದಲೇ ಬಂದು ಕಿಟಕಿಯ ಪಕ್ಕದಲ್ಲಿ ಕುಳಿತಿದ್ದರು. ನಮ್ಮ ಚೀಲದಲ್ಲಿದ್ದುದು ಎರಡು ಉಷ್ಣಮಾಪಕ, ಒಂದು ತುಂಡು ರಬ್ಬರು ಕೊಳವೆ, ತಳದಲ್ಲಿ ತೂತು ಕೊರೆದ ಒಂದು ಪ್ಲಾಸ್ಟಿಕ್ ಬಾಟಲಿ, ಜಿಲ್ಲೆಯ ಒಂದು ನಕ್ಷೆ. ಒಂದು ಉಷ್ಣಮಾಪಕವನ್ನು ತುಮಕೂರಿನಲ್ಲಿ ಒಬ್ಬ ವಿದ್ಯಾರ್ಥಿನಿಯ ಮನೆಯ ನೆರಳಿನಲ್ಲಿ ತೂಗುಹಾಕಿ ಹೊರಟೆವು.

ದೇವರಾಯನದುರ್ಗವು ನಗರದಿಂದ ಸುಮಾರು ೧೫ ಕಿಲೋಮೀಟರು ದೂರದಲ್ಲಿದೆ. ತುಮಕೂರು ಸಮುದ್ರಮಟ್ಟದಿಂದ ಸುಮಾರು ೮೨೦ ಮೀಟರು ಎತ್ತರದಲ್ಲಿದ್ದರೆ, ಈ ಬೆಟ್ಟದ ನೆತ್ತಿ ಸುಮಾರು ೧,೨೦೦ ಮೀಟರು. ಭೋಗನರಸಿಂಹನ ಗುಡಿಯನ್ನು ನೋಡಿ, ಮೆಟ್ಟಿಲು ಹತ್ತಿ ಯೋಗನರಸಿಂಹನ ಸನ್ನಿಧಿಯನ್ನು ಸೇರಿದೆವು. ಸಾವಿರ ಮೀಟರು ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿಯಷ್ಟು ಇಳಿಯುವುದೆಂಬುದು ಪುಸ್ತಕದ ಮಾತು. ಆ ಲೆಕ್ಕದಂತೆ ಇಲ್ಲಿ ಸುಮಾರು ಎರಡೂವರೆ ಡಿಗ್ರಿ ಕಡಿಮೆಯಿರಬೇಕು. ಆದರೆ ಹೊರಡುವಾಗ ನೋಡಿದ್ದಕ್ಕಿಂತ ಪಾದರಸ ಒಂದು ಗೆರೆ ಮೇಲೆಯೇ ನಿಂತಿತ್ತು! “ಸಾರ್, ಪುಸ್ತಕವೇ ತಪ್ಪು” ಎಂದನು ಒಬ್ಬ ಹುಡುಗ. ತಪ್ಪು ಪುಸ್ತಕದ್ದಲ್ಲ, ನಮ್ಮದು. ಆರು ಗಂಟೆಯ ತುಮಕೂರನ್ನು ಎಂಟೂವರೆಯ ಬೆಟ್ಟದೊಡನೆ ಹೋಲಿಸಿದ್ದೆವು. ನಡುವೆ ಸೂರ್ಯನು ಎರಡೂವರೆ ಗಂಟೆ ದುಡಿದಿದ್ದನು. ವಿದ್ಯಾರ್ಥಿನಿ ಮನೆಗೆ ಫೋನು ಮಾಡಿದಳು. ಅವಳ ತಾಯಿ ಅದೇ ಗಳಿಗೆಯಲ್ಲಿ ನೋಡಿ ಹೇಳಿದ ಅಂಕಿಗೂ ನಮ್ಮದಕ್ಕೂ ಹೆಚ್ಚುಕಡಿಮೆ ಎರಡೂವರೆ ಡಿಗ್ರಿಯ ಅಂತರವಿದ್ದಿತು. ಹೋಲಿಕೆ ಮಾಡುವಾಗ ಒಂದನ್ನು ಬಿಟ್ಟು ಉಳಿದುದೆಲ್ಲ ಸಮನಾಗಿರಬೇಕೆಂಬ ಪಾಠ ಅಂದು ಕರಿಹಲಗೆಯಿಲ್ಲದೆಯೇ ಮುಗಿಯಿತು.

ಈ ಬೆಟ್ಟಸಾಲಿನ ಇನ್ನೊಂದು ವಿಶೇಷವನ್ನು ಕಣ್ಣಿನಿಂದ ಕಾಣುವಂತಿಲ್ಲ, ನಕ್ಷೆಯನ್ನು ಬಿಚ್ಚಬೇಕು. ಇಲ್ಲಿಂದ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿಂಷೆ ದಕ್ಷಿಣಕ್ಕೆ ತಿರುಗಿ ಕಾವೇರಿಯನ್ನು ಸೇರುತ್ತದೆ. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳಲ್ಲಿ ಒಂದು ಬಂಡೆಯ ಈ ಮಗ್ಗುಲಿಗೆ, ಇನ್ನೊಂದು ಆ ಮಗ್ಗುಲಿಗೆ ಜಾರಿದರೆ, ಒಂದು ನೆಲ್ಲೂರಿನ ಸೀಮೆಯಲ್ಲಿ, ಮತ್ತೊಂದು ತಮಿಳುನಾಡಿನ ಕರಾವಳಿಯಲ್ಲಿ ಕಡಲು ಕಾಣುತ್ತವೆ. ಎರಡೂ ಬಂಗಾಳ ಕೊಲ್ಲಿಯೇ ಆದರೂ ಆ ಮುಖಗಳ ನಡುವಣ ಅಂತರ ೩೫೦ ಕಿಲೋಮೀಟರಿಗೂ ಹೆಚ್ಚು. ಅಂಗೈಯಗಲದ ಏಣು ಇಷ್ಟು ದೂರದ ತೀರ್ಪು ಕೊಡುವುದನ್ನು ಜಲವಿಭಾಜಕವೆಂದು ಭೂಗೋಳದಲ್ಲಿ ಕರೆಯುತ್ತೇವೆ.

ತಪ್ಪಲಿನ ನಾಮದ ಚಿಲುಮೆಯಲ್ಲಿ ಬುತ್ತಿ ಬಿಚ್ಚಿದೆವು. ನಾಮವನ್ನು ತೇಯಲು ನೀರಿಲ್ಲದಿರಲು ಶ್ರೀರಾಮನು ಬಾಣ ಬಿಟ್ಟು ಬಂಡೆಯಿಂದ ನೀರು ಚಿಮ್ಮಿಸಿದನೆಂಬುದು ಸ್ಥಳದ ಕಥೆ. ಬೆಟ್ಟದ ಮೇಲೆ ಬಿದ್ದ ಮಳೆಯ ಒಂದು ಪಾಲು ಸವೆದ ಕಲ್ಲು ಮಣ್ಣುಗಳ ಪದರದಲ್ಲಿ ಇಂಗಿ, ಬಂಡೆಯ ಬಿರುಕುಗಳನ್ನು ಹಿಡಿದು ಬಹು ನಿಧಾನವಾಗಿ ಇಳಿಯುತ್ತದೆ. ಇಳಿಜಾರು ಆ ಬಿರುಕನ್ನು ಸಂಧಿಸುವೆಡೆಯಲ್ಲಿ ನೀರು ಹೊರಬೀಳುತ್ತದೆ. ಮಳೆ ನಿಂತ ಎಷ್ಟೋ ಕಾಲದ ಮೇಲೂ ಚಿಲುಮೆ ಹರಿಯುವುದಕ್ಕೆ ಈ ನಿಧಾನವೇ ಕಾರಣ. ಬೆಟ್ಟದ ಮೇಲಿನ ಕಾಡು ಹೋದರೆ ಮಳೆಯ ನೀರು ಇಂಗದೆ ಓಡಿಹೋಗುವುದು. ಕಥೆಯೊಂದೇ ಉಳಿದು ನೀರು ನಿಲ್ಲುವುದು.

ಅಲ್ಲಿಂದ ತುಮಕೂರಿನ ಮೇಲೆ ಗುಬ್ಬಿಗೆ ಬಂದೆವು. ಈ ಊರಿನ ಹೆಸರನ್ನು ನಾಡಿಗೆಲ್ಲ ಹರಡಿದ್ದು ೧೮೮೪ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ, ಮತ್ತು ಅದನ್ನು ಬೆಳೆಸಿದ ವೀರಣ್ಣನವರು. ನಮ್ಮ ಅಜ್ಜಿಯವರಿಗೆ ಕಂಪೆನಿ ನಾಟಕದ ನೆನಪುಗಳು ಒಂದರ ಹಿಂದೊಂದು ಬಂದು, ಕಡಬ ಸಿಕ್ಕುವವರೆಗೂ ಬಸ್ಸಿನಲ್ಲಿ ಬೇರೆ ಮಾತಿಗೆ ಎಡೆಯಿರಲಿಲ್ಲ.

ಕಡಬದ ಕೆರೆ ಶಿಂಷೆಗೆ ಅಡ್ಡಲಾಗಿ ಏರಿ ಹಾಕಿ ಕಟ್ಟಿದ ಹಳೆಯ ದೊಡ್ಡ ಕೆರೆ. ಕೆರೆಗೆ ಮೂರು ಅಂಗಗಳು: ನೀರನ್ನು ತಡೆಯಲು ಏರಿ, ಗದ್ದೆಗೆ ಬಿಡಲು ತೂಬು, ಹೆಚ್ಚಾದುದನ್ನು ಕಳೆಯಲು ಕೋಡಿ. ಕೋಡಿಯ ಮೇಲೆ ಹರಿಯುವ ನೀರಿಗೆ ಒಂದು ನಿಯಮವುಂಟು. ನೀರಿನ ದಪ್ಪ ಇಮ್ಮಡಿಯಾದರೆ ಹರಿವು ಇಮ್ಮಡಿಯಾಗುವುದಿಲ್ಲ, ಸುಮಾರು ಮೂರರಷ್ಟಾಗುತ್ತದೆ. ಆದರೂ ಈ ಏರಿಕೆ ಕ್ರಮವಾಗಿಯೇ ನಡೆಯುವುದು. ನೀರು ಮೊದಲು ಪಾದ ತೋಯಿಸುತ್ತದೆ, ಬಳಿಕ ಮೊಣಕಾಲು ಮುಟ್ಟುತ್ತದೆ. ಕೆಳಗಿದ್ದವನಿಗೆ ದಡ ಸೇರಲು ಬಿಡುವು ಸಿಕ್ಕುತ್ತದೆ. ಕೆರೆಗಳ ನಾಡಿನಲ್ಲಿ ಹುಟ್ಟಿದ ನಮ್ಮ ಜನಕ್ಕೆ ತಲೆಮಾರುಗಳಿಂದ ಪರಿಚಯವಾಗಿರುವುದು ಈ ಕೋಡಿಯೇ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮಧ್ಯಾಹ್ನ ಮೂರರ ಹೊತ್ತಿಗೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯನ್ನು ಮುಟ್ಟಿದೆವು. ಮೈಸೂರು ಸಂಸ್ಥಾನದ ಕಾಲದಲ್ಲಿ ಶಿಂಷೆಗೆ ಕಟ್ಟಿದ ಜಲಾಶಯವಿದು. ಸುಮಾರು ೧೪೦ ಮೀಟರು ಉದ್ದದ ಕಲ್ಲುಗಾರೆಯ ಕಟ್ಟೆ, ಅದರ ಎರಡು ಕಡೆಗೂ ಚಾಚಿದ ಮಣ್ಣಿನ ಏರಿ. ಇದರ ಹೆಸರುವಾಸಿಯಾದ ಭಾಗವೆಂದರೆ ತಾನಾಗಿ ಕೆಲಸ ಮಾಡುವ ಸೈಫನ್ನುಗಳು. ಬಾಗಿಲು ತೆರೆಯುವವರಿಲ್ಲ, ಗುಂಡಿ ಒತ್ತುವವರಿಲ್ಲ. ನೀರು ಗೊತ್ತಾದ ಮಟ್ಟವನ್ನು ಮೀರಿದರೆ ಅದೇ ದಾರಿ ಮಾಡಿಕೊಂಡು ಹೊರಡುತ್ತದೆ.

ಇದು ಹೇಗೆ? ಬಾಟಲಿಯನ್ನು ಹೊರತೆಗೆದೆವು. ಕೊಳವೆಯನ್ನು ಒಳಗೆ ಕೊಕ್ಕೆಯಂತೆ ಬಗ್ಗಿಸಿ, ಒಂದು ತುದಿ ಬಾಟಲಿಯ ತಳದ ಹತ್ತಿರವೂ ಇನ್ನೊಂದು ತುದಿ ತಳದ ತೂತಿನಿಂದ ಹೊರಗೂ ಇರುವಂತೆ ಜೋಡಿಸಿದ್ದಾಯಿತು. ಮೆಲ್ಲನೆ ನೀರು ಹೊಯ್ದೆವು. ಅರ್ಧ ತುಂಬಿತು, ಮುಕ್ಕಾಲು ತುಂಬಿತು. ಒಂದು ಹನಿಯೂ ಹೊರಗೆ ಬರಲಿಲ್ಲ. ನೀರು ಕೊಕ್ಕೆಯ ನೆತ್ತಿಯನ್ನು ಮುಳುಗಿಸಿದ್ದೇ ತಡ, ಕೊಳವೆ ತುಂಬಿ ಹರಿದು ಇಡೀ ಬಾಟಲಿ ಬರಿದಾಯಿತು. “ಅಯ್ಯೋ, ಇದು ವಸುದೇವನ ಬಟ್ಟಲಲ್ಲವೇ!” ಎಂದರು ಅಜ್ಜಿಯವರು. ಸತ್ಯವೇ. ಮಗು ಕೃಷ್ಣನ ಪಾದವನ್ನು ಮುಟ್ಟಿದೊಡನೆ ಯಮುನೆ ಇಳಿದುಹೋಗುವ ಆ ಹಿತ್ತಾಳೆಯ ಆಟಿಕೆಯ ಒಳಗಿರುವುದೂ ಇಂಥದೇ ಬಾಗುಕೊಳವೆ.

ಅಣೆಕಟ್ಟಿನ ಸೈಫನ್ನು ಈ ಬಟ್ಟಲಿನ ಹಿರಿಯಣ್ಣ. ನೀರು ನೆತ್ತಿಯನ್ನು ಸ್ವಲ್ಪವೇ ಮೀರಿದಾಗ ತೆಳುವಾಗಿ ಉಕ್ಕಿ ಬೀಳುತ್ತದೆ. ಬೀಳುವ ನೀರು ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ತೀರಿದೊಡನೆ ಕೊಳವೆ ಇಡಿಯಾಗಿ ತುಂಬುತ್ತದೆ. ಆಮೇಲೆ ನೀರನ್ನು ದೂಡುವುದು ನೆತ್ತಿಯ ಮೇಲಿನ ನಾಲ್ಕು ಬೆರಳಿನ ನೀರಲ್ಲ, ಜಲಾಶಯದ ಮಟ್ಟಕ್ಕೂ ಕೊಳವೆಯ ಕೆಳಬಾಯಿಗೂ ನಡುವಣ ಪೂರ್ಣ ಎತ್ತರ. ನೆತ್ತಿಯವರೆಗೆ ನೀರನ್ನು ತುಂಡಾಗದಂತೆ ಎತ್ತಿಹಿಡಿಯುವುದು ವಾಯುಮಂಡಲದ ಒತ್ತಡ. ಸಮುದ್ರಮಟ್ಟದಲ್ಲಿ ಅದು ೧೦.೩ ಮೀಟರು ನೀರನ್ನು ಹೊರಬಲ್ಲುದು. ಸುಮಾರು ೭೩೦ ಮೀಟರು ಎತ್ತರದ ಈ ಸ್ಥಳದಲ್ಲಿ ಸುಮಾರು ಒಂಬತ್ತೂವರೆ ಮೀಟರು ಮಾತ್ರ. ಮಟ್ಟ ಇಳಿದು ಗಾಳಿ ಒಳನುಗ್ಗಿದರೆ ಹರಿವು ತಾನಾಗಿ ನಿಲ್ಲುತ್ತದೆ.

ಈಗ ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ತೆರೆದ ಕೋಡಿಯ ಮೇಲೆ ೧೦ ಸೆಂಟಿಮೀಟರು ದಪ್ಪಕ್ಕೆ ನೀರು ಹರಿದರೆ, ಒಂದು ಮೀಟರು ಅಗಲಕ್ಕೆ ಸೆಕೆಂಡಿಗೆ ಸುಮಾರು ೫೦ ಲೀಟರು ಬೀಳುತ್ತದೆ. ಅದೇ ಅಗಲ, ಒಂದು ಮೀಟರು ಕಂಠ, ೫ ಮೀಟರು ಎತ್ತರದ ಅಂತರವುಳ್ಳ ಸೈಫನ್ನು ತುಂಬಿ ಹರಿದರೆ, ಘರ್ಷಣೆಯಲ್ಲಿ ಮೂರನೆಯ ಒಂದು ಭಾಗ ವೇಗ ನಷ್ಟವಾಯಿತೆಂದರೂ, ೬,೦೦೦ ಲೀಟರಿಗೆ ಕಡಿಮೆಯಿಲ್ಲ. ನೂರು ಪಾಲಿಗೂ ಹೆಚ್ಚು! ಈ ಜಿಗಿತಕ್ಕೆ ಗಂಟೆಗಳು ಬೇಡ. ಹರಿವ ನೀರು ಮನುಷ್ಯನನ್ನು ನೂಕುವ ಬಲವಾದರೋ ವೇಗದ ವರ್ಗದಂತೆ ಏರುತ್ತದೆ. ವೇಗ ಮೂರು ಪಾಲಾದರೆ ನೂಕು ಒಂಬತ್ತು ಪಾಲು. ಮೊಣಕಾಲುದ್ದದ ನೀರೂ ಆಗ ಗಟ್ಟಿಗನನ್ನು ಕೆಡಹಬಲ್ಲುದು.

೨೦೨೫ರ ಅಕ್ಟೋಬರಿನಲ್ಲಿ ಇದೇ ಮಾರ್ಕೋನಹಳ್ಳಿಗೆ ವಿಹಾರಕ್ಕೆಂದು ಬಂದ ಬಂಧುಗಳ ಒಂದು ಗುಂಪು ಕೆಳಗಿನ ನೀರಿಗೆ ಇಳಿದಿದ್ದಾಗ ಥಟ್ಟನೆ ಹರಿವು ಏರಿ, ಹೆಂಗಸರು ಮಕ್ಕಳು ಕೊಚ್ಚಿಹೋಗಿ ಪ್ರಾಣ ಕಳೆದುಕೊಂಡರು. ಅವರೂ ನಮ್ಮಂತೆಯೇ ಒಂದು ದಿನದ ಸಂತೋಷಕ್ಕಾಗಿ ಬಂದವರು. ಶಾಂತವಾದ ನೀರನ್ನು ಕಂಡು ಇಳಿದರು. ಕೋಡಿಯನ್ನು ಬಲ್ಲ ನಾಡಿನಲ್ಲಿ ಯಾರೇ ಆದರೂ ಹಾಗೆ ನಂಬುವರು. ಸೈಫನ್ನು ಮಾತ್ರ ಮುನ್ಸೂಚನೆ ಕೊಟ್ಟು ಹೊರಡುವುದಿಲ್ಲ. ನಮ್ಮಲ್ಲಿಯೂ ನಾಲ್ವರು ಹುಡುಗರು ದಾರಿಯಲ್ಲೇ ಟವೆಲು ಹೆಗಲಿಗೇರಿಸಿದ್ದರು. ಬಾಟಲಿ ಬರಿದಾದುದನ್ನು ನೋಡಿದ ಮೇಲೆ ಯಾರೂ ಹೇಳದೆಯೇ ಟವೆಲುಗಳು ಚೀಲ ಸೇರಿದವು. ಏರಿಯ ಮೇಲೆಯೇ ನಿಂತು ನೋಡಿ, ಆರಾರು ಮಂದಿಯ ತಂಡಗಳಲ್ಲಿ ತಲೆ ಎಣಿಸಿಕೊಂಡು ಬಸ್ಸು ಹತ್ತಿದೆವು.

ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ಕೆರೆಯನ್ನು ಇಳಿಬಿಸಿಲಿನಲ್ಲಿ ಕಂಡು, ತುಮಕೂರಿನ ದಾರಿಯಲ್ಲಿ ಗೂಳೂರಿನ ಬಳಿಯ ಕೈದಾಳಕ್ಕೆ ಬರುವಾಗ ಸಂಜೆಯಾಗಿತ್ತು. ಇಲ್ಲಿಯ ಚೆನ್ನಕೇಶವನ ಗುಡಿ ೧೧೫೦ರ ಸುಮಾರಿನದು. ಜಕಣಾಚಾರಿಯ ಕಥೆ ಎಲ್ಲರೂ ಬಲ್ಲುದೇ: ಬೇಲೂರಿನ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ತರುಣನೊಬ್ಬನು ಹೇಳಿದನು, ಗಂಧ ಬಳಿದಾಗ ಹೊಕ್ಕುಳ ಬಳಿ ಮಾತ್ರ ಅದು ಒಣಗಲಿಲ್ಲ, ಉಳಿ ತಾಗಿಸಿದರೆ ಮರಳು, ನೀರು, ಒಂದು ಕಪ್ಪೆ ಹೊರಬಂದವು, ಆಡಿದ ಮಾತಿನಂತೆ ಶಿಲ್ಪಿ ತನ್ನ ಕೈಯನ್ನು ಕತ್ತರಿಸಿಕೊಂಡನು, ತರುಣನು ಅವನ ಮಗ ಡಂಕಣನೇ ಆಗಿದ್ದನು, ಕಳೆದ ಕೈ ಈ ಊರಿನಲ್ಲಿ ಮರಳಿ ಬಂದಿತು.

ಕಪ್ಪೆ ಕಲ್ಲಿನೊಳಗೆ ಬದುಕೀತೆ? ಇಂಗ್ಲೆಂಡಿನ ವಿಲಿಯಂ ಬಕ್‌ಲ್ಯಾಂಡ್ ಎಂಬ ಭೂವಿಜ್ಞಾನಿ ೧೮೨೫ರಲ್ಲಿ ನೆಲಗಪ್ಪೆಗಳನ್ನು ಕಲ್ಲಿನ ಗೂಡುಗಳಲ್ಲಿ ಮುಚ್ಚಿ ಹೂತಿಟ್ಟು ಪರೀಕ್ಷಿಸಿದನು. ಗಾಳಿಯಾಡದ ಗಟ್ಟಿ ಕಲ್ಲಿನವು ವರ್ಷದೊಳಗೆ ಸತ್ತಿದ್ದವು. ಸುಣ್ಣಕಲ್ಲಿನಲ್ಲಿ ಉಳಿದ ಕೆಲವೂ ಎರಡನೆಯ ವರ್ಷವನ್ನು ದಾಟಲಿಲ್ಲ. ಕಪ್ಪೆಯನ್ನು ಕಥೆಗೇ ಬಿಡೋಣ. ಆದರೆ ಗಂಧದ ಪರೀಕ್ಷೆ ಹುಸಿಯಲ್ಲ. ಬಿರುಕಿನಿಂದ ನೀರು ಜಿನುಗುವೆಡೆಯಲ್ಲಿ ಲೇಪನ ತಡವಾಗಿ ಒಣಗುವುದು ಸಹಜ. ಇಂದಿನ ಎಂಜಿನಿಯರರು ಕಲ್ಲು ಕಾಂಕ್ರೀಟುಗಳ ಒಳಗಿನ ಟೊಳ್ಳನ್ನು ಅರಿಯಲು ಶ್ರವಣಾತೀತ ಸ್ಪಂದಗಳನ್ನು ಹಾಯಿಸುತ್ತಾರೆ. ಟೊಳ್ಳಿದ್ದರೆ ಸ್ಪಂದ ಬಳಸಿ ಬರಬೇಕಾಗಿ ತಡವಾಗುತ್ತದೆ. ಒಡೆಯದೆಯೇ ಒಳಗನ್ನು ತಿಳಿಯಬೇಕೆಂಬ ಆಲೋಚನೆ ಎರಡರಲ್ಲಿಯೂ ಒಂದೇ.

ಮುಂದೆ ಪ್ರವಾಸ ಏರ್ಪಡಿಸುವವರಿಗೆ ನಮ್ಮ ಸಲಹೆ ಇಷ್ಟೆ. ಸ್ಥಳಗಳನ್ನು ಕಡಿಮೆ ಮಾಡಿ, ಅವುಗಳನ್ನು ಒಂದು ಎಳೆಯಲ್ಲಿ ಪೋಣಿಸಿ. ಹೋಗುವ ಮುನ್ನ ಅಲ್ಲಿಯ ನೀರು, ಬಂಡೆ, ಕಟ್ಟಡಗಳ ಸ್ವಭಾವವನ್ನು ವಿಚಾರಿಸಿಕೊಳ್ಳಿ. ಅಣೆಕಟ್ಟಿನ ಕೆಳಗೆ, ನೀರು ಎಷ್ಟೇ ಕಡಿಮೆಯಿರಲಿ, ಯಾರನ್ನೂ ಇಳಿಯಗೊಡಬೇಡಿ. ಅಂದು ರಾತ್ರಿ ಎಂಟಕ್ಕೆ ತುಮಕೂರಿನಲ್ಲಿ ಬಸ್ಸು ನಿಂತಾಗ ಮತ್ತೊಮ್ಮೆ ಎಣಿಸಿದೆವು. ನಲವತ್ತೆರಡು ಮಂದಿ ಹೊರಟಿದ್ದೆವು. ನಲವತ್ತೆರಡು ಮಂದಿಯೂ ಇಳಿದರು.