ಮ್ಯಾಕ್ರೋ ಕಲಿಯುವವರ ಗ್ರಂಥ

ಕುಂದಾಪುರದ ಗೋಡಂಬಿ ಕಾರ್ಖಾನೆಯ ಲೆಕ್ಕವಾಗಲಿ, ಬ್ರಹ್ಮಾವರದ ಸಹಕಾರ ಸಂಘದ ಸಾಲದ ಪಟ್ಟಿಯಾಗಲಿ, ಬೈಂದೂರಿನಿಂದ ಘಟ್ಟ ಹತ್ತಿ ಹೋದವರು ಬೆಂಗಳೂರಿನಲ್ಲಿ ನಡೆಸುವ ಹೋಟೆಲಿನ ದಿನವಹಿಯಾಗಲಿ, ಇಂದು ಬಹುಮಟ್ಟಿಗೆ ಎಕ್ಸೆಲ್ಲಿನ ಚೌಕಗಳನ್ನು ಸೇರಿರುವುದರಿಂದ, ತಿಂಗಳು ತಿಂಗಳೂ ಅವೇ ಅಂಕಣಗಳನ್ನು ಅದೇ ಕ್ರಮದಲ್ಲಿ ಜೋಡಿಸಿ ಬೇಸತ್ತ ಗುಮಾಸ್ತನಿಗೆ ಈ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಬಾರದೇಕೆ ಎಂಬ ಆಲೋಚನೆ ಹುಟ್ಟುವುದು ಸ್ವಾಭಾವಿಕವಾದುದು. ಹಾಗೆ ಒಪ್ಪಿಸುವ ಆಜ್ಞಾಮಾಲೆಯೇ ಮ್ಯಾಕ್ರೋ. ಅದರ ಭಾಷೆ, 1993ರಲ್ಲಿ ಎಕ್ಸೆಲ್ಲಿನ ಐದನೆಯ ಆವೃತ್ತಿಯೊಡನೆ ಬಂದ ವಿಬಿಎ. ಕಲಿಸುವ ಪುಸ್ತಕಗಳಿಗೆ ಬರವಿಲ್ಲ, ಆಯ್ಕೆಯೇ ಕಷ್ಟ.

ಎಕ್ಸೆಲ್ಲಿನಲ್ಲಿ ರೆಕಾರ್ಡರ್ ಎಂಬುದೊಂದುಂಟು. ನಾವು ಮಾಡಿದುದನ್ನು ನೋಡಿ ತಾನೇ ಕೋಡ್ ಬರೆದುಕೊಡುತ್ತದೆ. ಆದರೆ ‘ಬಾಕಿಯಿರುವವರಿಗೆ ಮಾತ್ರ’ ಎಂಬ ವಿವೇಚನೆಯಾಗಲಿ, ‘ಕೊನೆಯ ಸಾಲು ಮುಟ್ಟುವವರೆಗೆ’ ಎಂಬ ಆವರ್ತನೆಯಾಗಲಿ ಅದರ ಶಕ್ತಿಗೆ ಮೀರಿದ್ದು. ಆದುದರಿಂದ, ರೆಕಾರ್ಡರು ಬರೆದುದನ್ನು ಸಾಲುಸಾಲಾಗಿ ಓದಿಸಿ, ಅದರಲ್ಲಿನ ಅನಾವಶ್ಯಕವನ್ನು ಕೀಳಿಸಿ, ಷರತ್ತನ್ನೂ ಆವರ್ತನೆಯನ್ನೂ ನಮ್ಮ ಕೈಯಿಂದಲೇ ಸೇರಿಸುವ ಗ್ರಂಥವೇ ಮೊದಲನೆಯದಾಗಲು ಯೋಗ್ಯ. ಜಾನ್ ವಾಕನ್‌ಬಾಕರ ‘ಡಮ್ಮೀಸ್’ ಮಾಲೆಯ ಪುಸ್ತಕ, ಹೆಸರು ತುಸು ಅವಮಾನಕರವೆನಿಸಿದರೂ, ಆರಂಭಕ್ಕೆ ಒಳ್ಳೆಯದು. ಬಿಲ್ ಜೆಲೆನ್ ಮತ್ತು ಟ್ರೇಸಿ ಸಿರ್‌ಸ್ಟಡ್ ಬರೆದುದು ಅನಂತರ ಓದತಕ್ಕದ್ದು. ವಾಕನ್‌ಬಾಕರದೇ ‘ಪವರ್ ಪ್ರೋಗ್ರಾಮಿಂಗ್’ ಆಕರಗ್ರಂಥ. ಮೊದಲೇ ಕೊಂಡರೆ ಕಪಾಟಿಗೆ ಭೂಷಣ, ಅಷ್ಟೆ.

ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಪರೀಕ್ಷೆಯೊಂದುಂಟು. 2007ರ ಆವೃತ್ತಿಯಲ್ಲಿ ಹಾಳೆಯ ಸಾಲುಗಳು 65,536ರಿಂದ 10,48,576ಕ್ಕೆ ಏರಿದುವು. ವಿಬಿಎಯಲ್ಲಿ ಪೂರ್ಣಾಂಕವನ್ನು ಹಿಡಿದಿಡುವ ‘ಇಂಟಿಜರ್’ ಎಂಬ ವಿಧ ಮಾತ್ರ 32,767ರಲ್ಲಿಯೇ ನಿಂತಿದೆ. ಸಾಲುಗಳ ಎಣಿಕೆಗೆ ಅದಕ್ಕಿಂತ ದೊಡ್ಡದಾದ ‘ಲಾಂಗ್’ ಬಳಸಿರೆಂದು ಎಚ್ಚರಿಸದ, ಬಳಸುವ ಹೆಸರುಗಳನ್ನೆಲ್ಲ ಮೊದಲೇ ಘೋಷಿಸಬೇಕೆನ್ನುವ ‘ಆಪ್ಷನ್ ಎಕ್ಸ್‌ಪ್ಲಿಸಿಟ್’ ಬರೆಯದೆ ಮೊದಲಿಡಬೇಡಿರೆಂದು ಒತ್ತಿ ಹೇಳದ ಲೇಖಕನನ್ನು ನಾನು ನಂಬಲಾರೆ.

ಕನ್ನಡಿಗನಿಗೆ ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ವಿಬಿಎ ಬರೆಯುವ ಕಿಟಕಿಗೆ ಯೂನಿಕೋಡ್ ಬಾರದಾದ ಕಾರಣ, ‘ಸಾಲದ ಬಾಕಿ’ ಎಂಬ ಶೀರ್ಷಿಕೆಯನ್ನು ಅಲ್ಲಿ ಬರೆದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲೇ ಉಳಿಯುವುದು. ಆ ಪದವನ್ನು ಹಾಳೆಯ ಒಂದು ಚೌಕದಲ್ಲಿಟ್ಟು ಅಲ್ಲಿಂದ ಓದಿಸಬೇಕು. ಇಲ್ಲವೆ ಅಕ್ಷರ ಅಕ್ಷರಕ್ಕೂ ಸಂಖ್ಯೆ ಕೊಟ್ಟು (‘ಕ’ಕಾರಕ್ಕೆ 3221) ‘ಸಿಎಚ್‌ಆರ್‌ಡಬ್ಲ್ಯು’ ಎಂಬ ಫಂಕ್ಷನ್ನಿನ ಮೂಲಕ ಕಟ್ಟಬೇಕು. ಪರದೇಶದ ಲೇಖಕರಿಗೆ ಈ ಕಷ್ಟ ಬಾರದು. ಬಾರದುದನ್ನು ಅವರೇಕೆ ವಿಸ್ತರಿಸಿಯಾರು?

ಆದುದರಿಂದ ಇಂಥ ಪುಸ್ತಕವನ್ನು ನಮ್ಮವರೇ ಬರೆಯಬೇಕು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಒಬ್ಬರೇ ಬರೆದರು. ಹಾಗಿರುವಾಗ, ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜಿನಂಥ ವಿದ್ಯಾಲಯಗಳ ಅಧ್ಯಾಪಕರು ಸಂಘದ ಪಟ್ಟಿಯನ್ನೂ ಹೋಟೆಲಿನ ದಿನವಹಿಯನ್ನೂ ಉದಾಹರಣೆಯಾಗಿಟ್ಟುಕೊಂಡು, ನೂರು ಪುಟಗಳ ಒಂದು ಮ್ಯಾಕ್ರೋ ಪುಸ್ತಕವನ್ನು ಕನ್ನಡದಲ್ಲಿ ಬರೆದುಕೊಡಲಿ.